ತೇಲದೆ ಉಳಿದದ್ದು

ಬೆಳಿಗ್ಗೆ ಒಂಬತ್ತಕ್ಕೆ ಆಕೆ ವಾರ್ಡಿಗೆ ಹೋದಾಗ ಸೋದರಮಾವ ಮಂಚದ ಮೇಲೆ ಕೂತು ಸೊಂಟ ಕೆರೆದುಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ಅವನೇ. ಮೂವತ್ತು ವರ್ಷ ಸಸಿ ಬೆಳೆಸುವ ತೋಟದ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿದಿದ್ದ. ಈಗ ಮೂತ್ರಪಿಂಡ ಕೈಕೊಟ್ಟು ಮುಖ ಊದಿಕೊಂಡಿತ್ತು.

“ನೀನು ಮಾಡಿದ ರಿಪೋರ್ಟ್ ಬಂತಂತೆ ಕಣೇ. ಹೊಟ್ಟೇಲಿ ಹುಳ ಇಲ್ವಂತೆ. ನಾಲ್ಕು ಗಂಟೆಗೆ ಇಂಜೆಕ್ಷನ್ ಶುರು.”

“ಸೊಂಟಕ್ಕೇನಾಯ್ತು ಮಾವ?”

“ಏನೋ ಕೆಂಪು ಗೆರೆ. ಹಾಸಿಗೆ ಒರಟು.”

ಅಂಗಿ ಎತ್ತಿ ನೋಡಿದಳು. ಗೆರೆ ಬಳ್ಳಿಯ ಹಾಗೆ ಡೊಂಕಾಗಿತ್ತು. ಅದರ ತುದಿಗೆ ಪೆನ್ನಿನಿಂದ ಚುಕ್ಕೆ ಇಟ್ಟಳು. ತಿಂಡಿ ಕೊಟ್ಟು, ಬಟ್ಟೆ ಮಡಚಿಟ್ಟು, ಅರ್ಧ ಗಂಟೆಯ ಬಳಿಕ ನೋಡಿದರೆ ಗೆರೆ ಚುಕ್ಕೆ ದಾಟಿ ಎರಡು ಬೆರಳು ಮುಂದೆ ಹೋಗಿತ್ತು.

ಚರ್ಮದಡಿ ಇಷ್ಟು ಬೇಗ ಓಡುವ ಹುಳು ಯಾವುದೆಂದು ಅವಳಿಗೆ ಗೊತ್ತಿತ್ತು. ದಾರಕ್ಕಿಂತ ಸಣ್ಣದು, ಬರಿಗಾಲಿನ ಮೂಲಕ ಒಳಹೊಕ್ಕು ವರ್ಷಗಟ್ಟಲೆ ಕರುಳಿನಲ್ಲಿ ತೆಪ್ಪಗಿರುತ್ತದೆ. ಮೂತ್ರಪಿಂಡದ ಕಾಯಿಲೆಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಬಿದ್ದು ದೇಹದ ಕಾವಲು ಸಡಿಲವಾದರೆ ಒಳಗೊಳಗೇ ಹೆಚ್ಚಿ ಪ್ರಾಣ ತೆಗೆಯುತ್ತದೆ. ಅದಕ್ಕೇ ವೈದ್ಯರು ಮೊದಲು ಮಲಪರೀಕ್ಷೆಗೆ ಬರೆದಿದ್ದರು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ‘ಕಂಡುಬಂದಿಲ್ಲ’ ಎಂದು ಸಹಿ ಹಾಕಿದವಳು ಇವಳೇ.

ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಒಂದೇ ಕಿಟಕಿ, ಅದೂ ಗೋಡೆಗೆ ಎದುರು. ಒಂದೇ ಬಾಗಿಲು, ಅದರ ಬಳಿ ವಿಭಾಗದ ಮುಖ್ಯಸ್ಥರ ಮೇಜು. ಮೊಹರು ಒತ್ತದೆ ಯಾವ ಕಾಗದವನ್ನೂ ಹೊರಗೆ ಬಿಡದ ಅವರಿಗೆ ಎಲ್ಲರೂ ಇಟ್ಟ ಹೆಸರು ಮೊಹರು ಸಾಹೇಬರು.

ಮಲದಲ್ಲಿ ಚದುರಿರುವ ಹುಳುಗಳನ್ನು ಒಂದೆಡೆ ಸೇರಿಸುವುದೇ, ಅಂದರೆ ಸಾಂದ್ರೀಕರಣವೇ, ಅಲ್ಲಿನ ಕೆಲಸ. ಮಾದರಿಯನ್ನು ಫಾರ್ಮಲಿನ್‌ನಲ್ಲಿ ಕದಡಿ, ಸೋಸಿ, ಈಥರ್ ಬೆರೆಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಹುಳು, ಮೊಟ್ಟೆ ಎಲ್ಲ ತಳಕ್ಕಿಳಿಯುತ್ತವೆ. ಆದರೆ ಆ ಯಂತ್ರ ಕೆಟ್ಟು ಏಳು ವಾರವಾಗಿತ್ತು. ಅಂದಿನಿಂದ ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಮೇಲೆ ತೇಲಿ ಬಂದದ್ದನ್ನು ಗಾಜಿಗೆ ಅಂಟಿಸಿಕೊಂಡು ನೋಡುವುದು ನಡೆದಿತ್ತು.

“ಸರ್, ನಮ್ಮ ಮಾವನ ರಿಪೋರ್ಟ್ ವಾಪಸ್ ತಗೋಬೇಕು.”

“ಮೊಹರು ಬಿದ್ದ ಮೇಲೆ ವಾಪಸ್ಸಾ? ಬಿಟ್ಟ ಬಾಣ ಅದು, ಹೋಯ್ತು.”

“ಅವರ ಚರ್ಮದಡಿ ಓಡ್ತಿರೋ ಹುಳದ ಮರಿಗಳು ಉಪ್ಪುನೀರಲ್ಲಿ ತೇಲಲ್ಲ ಸರ್. ಸುಕ್ಕುಗಟ್ಟಿ ಮುಳುಗುತ್ವೆ. ನಾನು ನೋಡಿದ್ದು ಮೇಲಿಂದು ಮಾತ್ರ.”

“ಫಾರಂನಲ್ಲಿ ಏನಂತ ಅಚ್ಚಾಗಿದೆ ಓದಮ್ಮ. ‘ಸಾಂದ್ರೀಕರಣ ವಿಧಾನ’. ತೇಲಿಸಿದ್ರೂ ಸಾಂದ್ರೀಕರಣ, ಮುಳುಗಿಸಿದ್ರೂ ಸಾಂದ್ರೀಕರಣ. ಸುಳ್ಳೆಲ್ಲಿ ಬಂತು?”

ಸುಳ್ಳು ಎಲ್ಲೂ ಇರಲಿಲ್ಲ. ಅವಳನ್ನು ಕಟ್ಟಿಹಾಕಿದ್ದು ಅದೇ.

“ಇದೊಂದು ತಪ್ಪು ಅಂದ್ರೆ ಏಳು ವಾರದ ನೂರ ಎಂಬತ್ತಾರು ರಿಪೋರ್ಟೂ ಎದ್ದು ಕೂರುತ್ವೆ. ಎಲ್ಲದರ ಕೆಳಗೂ ನಿನ್ನ ಸಹಿ. ಕೆರೆದು ಹುಣ್ಣು ಮಾಡ್ಕೋಬೇಡ.”

ವಾರ್ಡಿಗೆ ಫೋನ್ ಮಾಡಿದಳು. ಡಾಕ್ಟರು ಬರುವುದು ನಾಲ್ಕಕ್ಕೇ, ಹೊಸ ರಿಪೋರ್ಟ್ ಮೊಹರಿನ ಸಮೇತ ಬಂದರೆ ಮಾತ್ರ ತೋರಿಸಬಹುದು ಎಂದಳು ನರ್ಸ್.

ಮತ್ತೆ ಮಾವನ ಬಳಿ ಹೋಗಿ ಹೊಸ ಡಬ್ಬಿ ಚಾಚಿದಳು.

“ಮೊನ್ನೆ ಕೊಟ್ಟಿದ್ದು ಸಾಲ್ಲಿಲ್ವೇನೇ? ತೂಕ ಹಾಕಿ ಮಾರ್ತೀಯಾ?”

“ಮಾವ, ತಮಾಷೆ ಆಮೇಲೆ. ಈಗ ಬೇಗ.”

“ಇದೇನು ನಲ್ಲಿಯಾ, ತಿರುಗಿಸಿದ ತಕ್ಷಣ ಬರೋಕೆ?” ಎನ್ನುತ್ತಲೇ ಎದ್ದು ಹೋದ. ಡಬ್ಬಿ ಕೈಗೆ ಬರುವಾಗ ಹನ್ನೊಂದೂಕಾಲು.

ಯಂತ್ರ ಬೇಡದ ಹಳೆಯ ವಿಧಾನವೊಂದಿತ್ತು. ಗಾಜಿನ ಲಾಳಿಕೆಯ ಬಾಲಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಕ್ಲಿಪ್ಪಿನಿಂದ ಬಿಗಿದಳು. ಲಾಳಿಕೆಗೆ ಉಗುರುಬೆಚ್ಚಗಿನ ನೀರು ತುಂಬಿ, ನಾಲ್ಕು ಮಡಿಕೆಯ ತೆಳುಬಟ್ಟೆಯಲ್ಲಿಟ್ಟ ಮಾದರಿ ಅದಕ್ಕೆ ತಾಗುವಂತೆ ಇಟ್ಟಳು. ಜೀವಂತ ಮರಿಗಳು ಬೆಚ್ಚನೆಯ ನೀರು ಅರಸಿ ಬಟ್ಟೆಯಿಂದ ಇಳಿಯುತ್ತವೆ. ಈಜಿ ಮೇಲೆ ಬರಲಾರದೆ ಕೊಳವೆಯ ತಳದಲ್ಲಿ ಸಿಕ್ಕಿಬೀಳುತ್ತವೆ. ಅದಕ್ಕೆ ಮೂರು ಗಂಟೆಯಾದರೂ ಬೇಕು.

ಅವಳು ಸ್ಟೂಲಿನ ಮೇಲೆ ಕೂತಳು. ಊಟಕ್ಕೂ ಏಳಲಿಲ್ಲ. ಬಾಗಿಲ ಬಳಿ ಮೊಹರು ಸಾಹೇಬರು ಕಾಗದಗಳಿಗೆ ಒತ್ತುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಎರಡೂ ಮುಕ್ಕಾಲಿಗೆ ಕ್ಲಿಪ್ ಸಡಿಲಿಸಿ ಮೊದಲ ಹನಿಗಳನ್ನು ಗಾಜಿನ ಮೇಲೆ ಹಿಡಿದಳು. ಸೂಕ್ಷ್ಮದರ್ಶಕದಡಿ ಆರು ಮರಿಗಳು ಹೊರಳಾಡುತ್ತಿದ್ದವು.

“ಸರ್, ನೀವೇ ನೋಡಿ.”

ಅವರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಗಾಜನ್ನು ಅತ್ತಿತ್ತ ಸರಿಸಿ ಮರಿಗಳನ್ನು ಎರಡೆರಡು ಸಲ ಎಣಿಸಿದರು. ನಂತರ ತಾವೇ ಹೊಸ ಫಾರಂ ತೆಗೆದು ಬರೆದರು: ‘ಹೊಸ ಮಾದರಿ. ಮರಿಹುಳು ಕಂಡುಬಂದಿದೆ.’

“ಹೊಸ ಮಾದರಿ, ಹೊಸ ಫಲಿತಾಂಶ. ಹಳೇದೂ ಸರಿ, ಇದೂ ಸರಿ. ಸಹಿ ಹಾಕು.”

ಹಳೆಯದು ಸರಿಯಲ್ಲವೆಂದು ಹೇಳಲು ಬಾಯಿ ತೆರೆದಳು. ಗಡಿಯಾರದಲ್ಲಿ ಮೂರೂ ಇಪ್ಪತ್ತು. ಸಹಿ ಹಾಕಿದಳು. ಮೊಹರು ಬಿತ್ತು. ಮೆಟ್ಟಿಲು ಹತ್ತಿ ಓಡಿದಳು. ಇಂಜೆಕ್ಷನ್ ನಿಂತಿತು, ಬದಲಿಗೆ ಹುಳುವಿನ ಮಾತ್ರೆ ಬಂತು.

“ಇಷ್ಟು ವರ್ಷ ಬಾಡಿಗೆ ಕೊಡದೆ ಇದ್ವಾ ಒಳಗೆ?” ಎಂದು ಮಾವ ನಕ್ಕ. ಅವಳಿಗೆ ನಗು ಬರಲಿಲ್ಲ.

ಕೆಳಗೆ ಬಂದಾಗ ಏಳು ವಾರದ ರಿಜಿಸ್ಟರ್ ಬೀರು ಸೇರಿತ್ತು, ಬೀಗದ ಕೈ ಸಾಹೇಬರ ಜೇಬಿನಲ್ಲಿತ್ತು. ಬೆಳಗಿನ ಐದು ಮಾದರಿಗಳು ಕಾಯುತ್ತಿದ್ದವು. ಲಾಳಿಕೆ ಇದ್ದದ್ದು ಒಂದೇ. ಐದನ್ನೂ ಉಪ್ಪುನೀರಿನಲ್ಲೇ ನೋಡಿದಳು. ಆದರೆ ಪ್ರತಿ ಫಾರಂನಲ್ಲೂ ‘ಸಾಂದ್ರೀಕರಣ’ದ ಪಕ್ಕದಲ್ಲಿ ಕೈಬರಹದಲ್ಲಿ ಸೇರಿಸಿದಳು: ‘ತೇಲಿಸಿ ಮಾತ್ರ. ಮುಳುಗುವುದನ್ನು ನೋಡಿಲ್ಲ.’

ಮೊಹರು ಸಾಹೇಬರು ಓದಿದರು. ಎತ್ತಿದ ಮೊಹರನ್ನು ಕೆಳಗಿಟ್ಟು ಮಸಿಡಬ್ಬಿಯ ಮುಚ್ಚಳ ಹಾಕಿದರು.

“ಹಾಗಾದ್ರೆ ಇವು ಇಲ್ಲೇ ಇರಲಿ,” ಎಂದರು.

ಐದು ಕಾಗದಗಳೂ ಬಾಗಿಲ ಬಳಿಯ ಮೇಜಿನ ಮೇಲೆಯೇ ಉಳಿದವು. ಅವಳು ಸೇರಿಸಿದ ಸಾಲನ್ನು ಹೊಡೆದುಹಾಕದೆ, ಪೆನ್ನಿನ ಮುಚ್ಚಳವನ್ನೂ ಹಾಕದೆ ಸ್ಟೂಲಿನ ಮೇಲೆ ಕೂತಳು.