ಒಂದನೇ ನಂಬರ್ ರೂಮಿನ ಗೆಸ್ಟು

ಚಳಿಗಾಲ ಬಂತೆಂದರೆ ನಮ್ಮೂರಿನ ಕಡಲತೀರ ಕಂಬಳಿ ಹೊದ್ದು ಮಲಗಿಬಿಡುತ್ತದೆ. ಐಸ್‌ಕ್ರೀಂ ಗಾಡಿಗೆ ಟಾರ್ಪಾಲು ಬೀಳುತ್ತದೆ, ದೋಣಿಗಳು ಮರಳಿನ ಮೇಲೆ ಬೋರಲಾಗುತ್ತವೆ. ಈಜುವವರನ್ನು ಕಾಯುವವನು ಮಾತ್ರ ಎತ್ತರದ ಕುರ್ಚಿಯಲ್ಲಿ ಕೂತು, ಯಾರೂ ಇಳಿಯದ ಸಮುದ್ರವನ್ನು ಕಾಯುತ್ತಿರುತ್ತಾನೆ. ಸಂಜೆ ನಮ್ಮ ಲಾಡ್ಜಿನ ಮುಂದೆ ಹಾದುಹೋಗುವಾಗ, "ಇವತ್ತೂ ಯಾರೂ ಮುಳುಗ್ಲಿಲ್ಲ ಸ್ವಾಮಿ" ಎಂದು ಅಪ್ಪನಿಗೆ ವರದಿ ಒಪ್ಪಿಸುತ್ತಾನೆ.

ಗಿರಾಕಿಗಳಿಲ್ಲದ ಆ ತಿಂಗಳುಗಳಲ್ಲಿ ಅಡುಗೆಮನೆ ಹಿಂದಿನ ನಮ್ಮ ಕೋಣೆಗಳಿಗೆ ತೇವ ಹಿಡಿಯುತ್ತದೆ. ಹಾಗಾಗಿ ಅಜ್ಜಿಯನ್ನು ಒಂದನೇ ನಂಬರ್ ರೂಮಿನಲ್ಲಿ ಮಲಗಿಸುತ್ತೇವೆ. ಸಮುದ್ರ ಕಾಣುವ, ಬಿಸಿಲು ಬೀಳುವ ರೂಮು ಅದೊಂದೇ. ನಾನೂ ಅವಳ ಕಂಬಳಿಯೊಳಗೆ ನುಸುಳಿ ಕಥೆ ಕೇಳುತ್ತೇನೆ. ಇಪ್ಪತ್ತು ದಾಟಿದರೂ ಚಟ ಬಿಟ್ಟಿಲ್ಲ. ಅಜ್ಜಿಯದು ಒಂದೇ ಷರತ್ತು: ಪ್ರತಿ ಮಾತಿಗೂ ಹೂಂಗುಟ್ಟಬೇಕು. ನನ್ನ ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ರಾಜಕುಮಾರಿ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ನೀರಿನಲ್ಲಿ ಇಟ್ಟುಕೊಂಡು ಮರುದಿನದವರೆಗೂ ಕಾಯಬೇಕು.

ಪ್ರವಾಸದ ಕಂಪನಿಯ ಮೇಡಂ ಶುಕ್ರವಾರ ಬರುವವರಿದ್ದರು. ಅವರು ಒಪ್ಪಿದರೆ ಬೇಸಿಗೆಯಿಡೀ ಅವರ ಬಸ್ಸುಗಳು ನಮ್ಮ ಬಾಗಿಲಿಗೆ. ಇಲ್ಲದಿದ್ದರೆ ಅಪ್ಪ ಲಾಡ್ಜಿಗೆ ಬೀಗ ಹಾಕುವ ಮಾತಾಡುತ್ತಿದ್ದ. ಅವರು ಗುರುವಾರವೇ ಬಂದಿಳಿದರು. ಅಪ್ಪ ಗೋಡೆಗೆ ಬಣ್ಣ ತರಲು ಹೋಗಿದ್ದ. "ಮೊದಲು ಸಮುದ್ರದ ಕಡೆ ರೂಮು ನೋಡೋಣ" ಎನ್ನುತ್ತ ಅವರೇ ಬಾಗಿಲು ತಳ್ಳಿದರು.

ಅಜ್ಜಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಮಲಗಿದ್ದಳು. ಹಲ್ಲಿನ ಸೆಟ್ಟು ಲೋಟದಲ್ಲಿತ್ತು. ಕುರ್ಚಿಯ ಮೇಲೆ ಅವಳ ತೇಪೆ ಹಾಕಿದ ಒಳಲಂಗ ಒಣಗುತ್ತಿತ್ತು.

"ಇವರು ಯಾರು?"

ನನ್ನಜ್ಜಿ ಎನ್ನಲು ಎಷ್ಟು ಹೊತ್ತು ಬೇಕು? ಆ ಲಂಗ ನೋಡಿ ನಾಲಿಗೆ ಹೊರಳಿತು. "ಗೆಸ್ಟು, ಮೇಡಂ. ಪ್ರತಿ ಚಳಿಗಾಲಕ್ಕೂ ಬರ್ತಾರೆ. ಸ್ವಲ್ಪ ಒಂಥರಾ."

ಅಜ್ಜಿ ಒಂದು ಕಣ್ಣು ತೆರೆದು ನನ್ನ ದನಿ ಬಂದ ಕಡೆ ತಿರುಗಿದಳು. ಎದ್ದು ಕೂತಳು. ಹಲ್ಲು ಹಾಕಿಕೊಂಡಳು.

"ಬನ್ನಿ, ಕೂತ್ಕೊಳ್ಳಿ. ಇಲ್ಲಿ ಬಹಳ ಚೆನ್ನಾಗಿ ನೋಡ್ಕೋತಾರೆ. ಏನಮ್ಮಾ, ನಮ್ಮಿಬ್ಬರಿಗೂ ಟೀ ತರ್ತೀರಾ?"

ಹುಟ್ಟಿದಾಗಿನಿಂದ 'ಏ ಗೂಬೆ' ಎಂದೇ ಅವಳಿಂದ ಕರೆಸಿಕೊಂಡವಳು ನಾನು. ಕಿವಿಯೆಲ್ಲ ಬಿಸಿಯಾಯಿತು.

ಟೀ ತಂದಾಗ ಇಬ್ಬರೂ ಕಿಟಕಿಯ ಬಳಿ ಕೂತಿದ್ದರು. "ನಿಮಗೆ ಮನೇಲಿ ಯಾರೂ ಇಲ್ವಾ?" ಎಂದು ಮೇಡಂ ಕೇಳುತ್ತಿದ್ದರು.

"ಇದ್ದಾಳಲ್ಲ, ಮೊಮ್ಮಗಳು. ಬಂಗಾರದಂಥ ಹುಡುಗಿ. ಕೆಲಸ ಜಾಸ್ತಿ, ಪಾಪ. ಕಥೆ ಅಂದ್ರೆ ಪ್ರಾಣ."

"ಹಾಗಾದ್ರೆ ನನಗೂ ಒಂದು ಹೇಳಿ."

"ಒಬ್ಬ ರಾಜ ಇದ್ದ," ಎಂದು ಅಜ್ಜಿ ನಿಲ್ಲಿಸಿದಳು. ಮೇಡಂ ಟೀ ಹೀರಿದರು. "ಅವನಿಗೆ ಸಮುದ್ರ ಅಂದ್ರೆ ಭಯ." ಮತ್ತೆ ನಿಲ್ಲಿಸಿದಳು. ಮೇಡಂ ತಲೆಯಾಡಿಸಿದರು. ಅಜ್ಜಿಯ ಕಣ್ಣು ಮಂದ, ಅದೆಲ್ಲಿ ಕಾಣಬೇಕು? ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ ತಡವರಿಸಿದಳು. "ಒಂದಿನ ಅವನ ಮಗಳು..."

"ಹೂಂ," ಎಂದೆ.

ಬೇಕೆಂದು ಅಂದದ್ದಲ್ಲ. ಟ್ರೇ ಹಿಡಿದು ನಿಂತವಳ ಬಾಯಿಂದ ತಾನಾಗಿ ಜಾರಿತು. ಅಜ್ಜಿಗೆ ಜೀವ ಬಂದಂತಾಯಿತು. "ಒಬ್ಬಳೇ ದೋಣಿ ಹತ್ತಿದಳು ಕಣೇ!" ಎಂದುಬಿಟ್ಟಳು.

ಮೇಡಂ ಕಪ್ಪು ಕೆಳಗಿಟ್ಟರು. ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಇವರು ನಿಮ್ಮಜ್ಜಿ ಅಲ್ವಾ?"

ನನ್ನನ್ನು ಉಳಿಸಲು ಅಜ್ಜಿ ಆಗಲೇ ಬಾಯಿ ತೆರೆದಿದ್ದಳು. ಅಪ್ಪ ಆಸೆಯಿಟ್ಟಿದ್ದ ಬಸ್ಸುಗಳೆಲ್ಲ ಕಣ್ಮುಂದೆ ಹಾದುಹೋದವು.

"ಹೂಂ," ಎಂದೆ, ನೆಲ ನೋಡುತ್ತ.

"ಒಂಥರಾ ಅಂದ್ರಲ್ಲ," ಎಂದರು ಮೇಡಂ, ಅಷ್ಟೇ. ಆಮೇಲೆ ಅಜ್ಜಿಯ ಕಡೆ ತಿರುಗಿ, ಕಥೆ ಮುಗಿಯುವವರೆಗೂ ಅವರೇ ಹೂಂಗುಟ್ಟಿದರು.

ಬಸ್ಸು ಕಳಿಸಲು ಒಪ್ಪಿಯೇ ಹೋದರು. "ನೀನೇ ಒಲಿಸಿದ್ಯಲ್ಲೇ!" ಎಂದು ಅಪ್ಪ ಬೆನ್ನು ತಟ್ಟಿದಾಗ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನಿಸಿತು.

ಅಜ್ಜಿಯ ಹಾಸಿಗೆ ಸರಿಮಾಡಲು ಹೋದೆ. ದಿಂಬಿನ ಕೆಳಗೆ ಆ ಲಂಗವಿತ್ತು, ಮಡಚಿ ಅಡಗಿಸಿಟ್ಟದ್ದು. ಇನ್ನೂ ಹಸಿ. ತೆಗೆದು ಕಿಟಕಿಯ ಸರಳಿಗೆ ಹರವಿದೆ.

"ಬೇಡಮ್ಮಾ," ಎಂದಳು ಅಜ್ಜಿ, "ಯಾರಾದ್ರೂ ನೋಡ್ತಾರೆ."