ಅಳಿಯಂದಿರ ಗಗನಚುಂಬಿಗಳು

ಪತ್ರಿಕೆಗೆ ಕಟ್ಟಡಗಳ ಬಗ್ಗೆ ಅಂಕಣ ಬರೆಯುತ್ತಿದ್ದ ಆಕೆಗೆ ಇಬ್ಬರು ಅಳಿಯಂದಿರು, ಇಬ್ಬರೂ ವಾಸ್ತುಶಿಲ್ಪಿಗಳು. ಒಂದೇ ರಸ್ತೆಯ ಆಚೆ ಈಚೆ ಒಂದೊಂದು ಗಗನಚುಂಬಿ ಎಬ್ಬಿಸಿ, "ಯಾವುದು ಮೇಲು ಅಂತ ನೀವೇ ಹೇಳಿ ಅತ್ತೆ" ಎಂದು ಇಬ್ಬರೂ ದುಂಬಾಲು ಬಿದ್ದರು.

ಆಕೆ ಹೋಗಿ ನೋಡಿದಳು. ಹಿರಿಯಳಿಯನದು ಗುಲಾಬಿ ಬಣ್ಣದ ಕಲ್ಲಿನದು. ಅಜ್ಜಿಯ ಕಾಲದ ಬೀರುವಿನ ತಲೆಯನ್ನೇ ಕಿತ್ತು ನೆತ್ತಿಯ ಮೇಲೆ ಕೂರಿಸಿದಂತಿತ್ತು. ಬಾಗಿಲ ಬಳಿಯ ಭಾರಿ ಕಂಬವನ್ನು ತಟ್ಟಿದರೆ ಖಾಲಿ ಡಬ್ಬದ ಸದ್ದು.

"ಇದು ಏನನ್ನ ಹೊತ್ತಿದೆಯಪ್ಪಾ?"

"ಏನೂ ಇಲ್ಲ ಅತ್ತೆ. ಹಳೇ ಕಾಲ ನೆನಪಿಸುತ್ತೆ, ಅಷ್ಟೆ."

ಕಿರಿಯಳಿಯನ ಗಾಜಿನ ಕಟ್ಟಡಕ್ಕೆ ಅರಮನೆಗೂ ಇಲ್ಲದಂಥ ಕಮಾನು. ಆಕೆ ಗತ್ತಿನಿಂದ ಅದರೊಳಗೆ ನಡೆದು ಗೋಡೆಗೆ ಮೂಗು ತಗುಲಿಸಿಕೊಂಡಳು.

"ಬಾಗಿಲು ಹಿಂದುಗಡೆ ಇದೆ ಅತ್ತೆ, ಕಾರು ನಿಲ್ಲಿಸೋ ಕಡೆ. ಇದು ತಮಾಷೆಗೆ."

"ನನ್ನ ಮೂಗಿಗೆ ಗೊತ್ತಾಯ್ತು ಬಿಡಪ್ಪ."

ಆ ವಾರ ಆಕೆ ನಂಟಸ್ತಿಕೆ ಬದಿಗಿಟ್ಟು ಬರೆದಳು: ಅಲ್ಲಿ ಏನನ್ನೂ ಹೊರದ ಕಂಬ, ಇಲ್ಲಿ ಎಲ್ಲಿಗೂ ಒಯ್ಯದ ಕಮಾನು, ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದೇ ದಂಡ. ಬರೆದದ್ದೇನೋ ಆಯಿತು, ತನ್ನ ಹೆಣ್ಣುಮಕ್ಕಳು ಮುನಿಸಿಕೊಂಡಾರೆಂಬ ಅಳುಕು ಮಾತ್ರ ಉಳಿಯಿತು.

ಅಂಕಣ ಬಂದ ಬೆಳಗ್ಗೆ ಮೊದಲು ಹಿರಿಯಳಿಯನ ಫೋನು. "ಅವನ ಕಮಾನಿನ ಮಾನ ಹರಾಜು ಹಾಕಿಬಿಟ್ರಿ ಅತ್ತೆ! ಹಾಲು ಕುಡಿದಷ್ಟು ಸಂತೋಷ ಆಯ್ತು."

ಅದನ್ನು ಇಡುವಷ್ಟರಲ್ಲಿ ಕಿರಿಯಳಿಯನದು. "ಅವನ ಕಂಬದ ಬಗ್ಗೆ ಬರೆದಿದ್ದು ಓದಿ ನಕ್ಕೂ ನಕ್ಕೂ ಸಾಕಾಯ್ತು."

"ನಿನ್ನದರ ಬಗ್ಗೆ ಬರೆದಿದ್ದೋ?"

"ಅಯ್ಯೋ, ನಂದರ ಬಗ್ಗೆನೂ ಇತ್ತಾ?"

ಆಕೆ ಫೋನಿಟ್ಟು ಹಣೆ ಚಚ್ಚಿಕೊಂಡಳು.