ಒಂದೇ ಲೋಟದ ಪಾನಕ

ಬೇಸಿಗೆ ಬಂತೆಂದರೆ ನಮ್ಮ ರಾಮಮೂರ್ತಿ ನಗರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನೀರು ಬಂತಾ? ಟ್ಯಾಂಕರ್ ಬಂತಾ? ನೀರು ಕುಡಿದ್ರಾ ಅಂತ ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಕೇಳುತ್ತೇನೆ, ಅದೇ ನನ್ನ ಕೆಲಸ. ನಾನು ಆದಿಲಕ್ಷ್ಮಿ, ಈ ಬೀದಿಗಳ ಆಶಾ ಕಾರ್ಯಕರ್ತೆ. ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ. ಆದರೆ ಹೋದ ಏಪ್ರಿಲ್‌ನಲ್ಲಿ ಕೇಳಲೇಬೇಕಾದ ಒಬ್ಬರನ್ನು ನಾನೇ ಕೇಳದೆ ಬಿಟ್ಟಿದ್ದೆ. ಮೂರು ಮಹಡಿ ಯಾರು ಹತ್ತುತ್ತಾರೆ ಅಂತ.

ಅವರ ಹೆಸರು ಶಾಂತಕುಮಾರಿ. ವಯಸ್ಸು ಐವತ್ತನಾಲ್ಕು. ರವಿಕೆ ಹೊಲಿದು ಬದುಕುವವರು. ಗಂಡ ಮುನಿರಾಜಪ್ಪ ತೀರಿಕೊಂಡ ಮೇಲೆ ಜೋಗುಪಾಳ್ಯದ ಮನೆ ಬಿಟ್ಟು, ಇಲ್ಲೊಂದು ಕಟ್ಟಡದ ಟೆರೇಸಿನ ಮೇಲಿನ ಶೀಟ್ ರೂಮಿಗೆ ಬಾಡಿಗೆಗೆ ಬಂದು ಎಂಟು ತಿಂಗಳಾಗಿತ್ತು. ಮಕ್ಕಳಿಲ್ಲ. ಓನರ್ ಬಿಟ್ಟುಕೊಟ್ಟಿದ್ದ ಕಕ್ಕಸು ಇದ್ದದ್ದು ನೆಲಮಹಡಿಯಲ್ಲಿ, ಅವರಿಗೋ ಮಂಡಿನೋವು. ಕುಡಿದರೆ ಇಳಿಯಬೇಕು, ಇಳಿದರೆ ಹತ್ತಬೇಕು ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಬೀದಿಗೂ ಅವರಿಗೂ ಇದ್ದದ್ದು ಒಂದು ಹಗ್ಗ, ಒಂದು ಪ್ಲಾಸ್ಟಿಕ್ ಬುಟ್ಟಿ. ಟೆರೇಸಿನಿಂದ ಬುಟ್ಟಿ ಇಳಿಸುವರು. ರವಿಕೆ ಬಟ್ಟೆ ಅದರಲ್ಲೇ ಮೇಲೆ ಹೋಗುತ್ತಿತ್ತು, ಹೊಲಿದದ್ದು ಅದರಲ್ಲೇ ಕೆಳಗೆ ಬರುತ್ತಿತ್ತು. ತಳ್ಳುಗಾಡಿಯ ಅಹ್ಮದ್ ಪಾಷಾ ಬೆಳಗ್ಗೆ ಹನ್ನೊಂದಕ್ಕೆ ಸೊಪ್ಪು, ತರಕಾರಿ ಹಾಕಿ "ಎಳೀರಿ ಅಮ್ಮಾ!" ಅನ್ನುವರು. ಬುಟ್ಟಿ ಮೇಲೆ ಹೋಗುವುದು. ಅಷ್ಟೇ ಮಾತುಕತೆ.

ಏಪ್ರಿಲ್ ಹದಿನೇಳನೇ ತಾರೀಕು. ನಾನು ಆ ಬೀದಿಯಲ್ಲಿ ಬರುತ್ತಿದ್ದೆ. ಪಾಷಾ ಭಾಯ್ ನನ್ನನ್ನು ತಡೆದರು.

"ಮೇಡಮ್, ಸ್ವಲ್ಪ ನಿಲ್ರಿ. ಮೇಲ್ಗಡೆ ಅಮ್ಮ ಬುಟ್ಟಿ ಇಳಿಸಿದ್ರು, ಟೊಮೇಟೊ ಮೆಂತ್ಯ ಹಾಕ್ದೆ. ಅರ್ಧ ಗಂಟೆ ಆಯ್ತು, ಎಳೀತಾನೇ ಇಲ್ಲ."

"ಒಳಗೆ ಏನೋ ಕೆಲಸ ಇರುತ್ತೆ ಬಿಡಿ ಭಾಯ್. ನಂಗಿನ್ನೂ ಹನ್ನೆರಡು ಮನೆ ಇದೆ."

"ಅರೆ, ಎಂಟು ತಿಂಗ್ಳಲ್ಲಿ ಒಂದು ದಿನಾನೂ ಹಿಂಗಾಗಿಲ್ಲ ಮೇಡಮ್. ಅವ್ರ ಮುಖ ನಾನು ಸರಿಯಾಗಿ ನೋಡಿಲ್ಲ. ಬುಟ್ಟಿ ಗೊತ್ತು ನಂಗೆ."

ಆ ಮಾತು ಕೇಳಿ ಮನೆಗಳ ಪಟ್ಟಿ ಮಡಚಿ ಚೀಲಕ್ಕೆ ಹಾಕಿದೆ. ಇಬ್ಬರೂ ಮೆಟ್ಟಿಲು ಹತ್ತಿದೆವು.

ಶಾಂತಕುಮಾರಿ ಟೆರೇಸಿನ ಮೋಟುಗೋಡೆ ಪಕ್ಕ ಉರಿಬಿಸಿಲಲ್ಲಿ ಬಿದ್ದಿದ್ದರು. ಹಗ್ಗ ಇನ್ನೂ ಕೈಗೆ ಸುತ್ತಿಕೊಂಡಿತ್ತು. ಮೈ ಕಾದ ಕಾವಲಿ. ತುಟಿ ಒಡೆದಿತ್ತು. ಕೂಗಿದರೆ ಏನೋ ಗೊಣಗಿದರು, ಪೂರ್ತಿ ಎಚ್ಚರವಿರಲಿಲ್ಲ. ಪಾಷಾ ಭಾಯ್ ಗಾಬರಿಯಲ್ಲಿ ಬಾಯಿಗೆ ನೀರು ಸುರಿಯಲು ಹೋದರು. ನಾನು ಕೈ ಹಿಡಿದೆ.

"ಬೇಡ ಭಾಯ್! ಎಚ್ಚರ ಇಲ್ದೋರ ಬಾಯಿಗೆ ನೀರು ಹಾಕಿದ್ರೆ ಉಸಿರು ಕಟ್ಟುತ್ತೆ. ನೆರಳಿಗೆ ಎತ್ತೋಣ ಹಿಡೀರಿ. ಮೈಮೇಲೆ ನೀರು ಹಾಕಿ, ಗಾಳಿ ಬೀಸಿ."

108ಕ್ಕೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಏರಿಸಿದರು. ವಾಂತಿ, ಭೇದಿ ಆಗಿ ಮೈಯಲ್ಲಿ ನೀರೇ ಉಳಿದಿರಲಿಲ್ಲ, ಅದರ ಮೇಲೆ ಬಿಸಿಲು ಹೊಡೆದಿದೆ ಅಂದರು ಡಾಕ್ಟರು. ಇನ್ನೊಂದು ಗಂಟೆ ಹಾಗೇ ಬಿದ್ದಿದ್ದರೆ ಜೀವ ಉಳಿಯುವುದು ಕಷ್ಟ ಇತ್ತಂತೆ.

ಅವರು ಮನೆಗೆ ಬಂದು ನಾಲ್ಕು ದಿನಕ್ಕೆ, ಸುಧಾರಿಸಿಕೊಂಡ ಮೇಲೆ, ನಾನು ನಿಂಬೆಹಣ್ಣು ಮತ್ತು ಒಂದು ಕಟ್ಟು ಪುದೀನ ಹಿಡಿದು ಹತ್ತಿದೆ. ನೋಡಿದ್ದೇ ತಡ ಮುಖ ತಿರುಗಿಸಿದರು.

"ನಿಂಬೆಹಣ್ಣು ತರ್ಬೇಡ ಕಣಮ್ಮ. ಅದ್ರಿಂದ್ಲೇ ಇಷ್ಟೆಲ್ಲಾ ಆಗಿದ್ದು."

"ನಿಂಬೆಹಣ್ಣು ಏನು ಮಾಡ್ತು ಶಾಂತಕ್ಕ?"

ಹೊಲಿಗೆ ಮೆಷಿನ್ನಿನ ಕೆಳಗಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ತೋರಿಸಿದರು. ದೊಡ್ಡ ಪಾತ್ರೆ. ಒಳಗೆಲ್ಲ ಕಪ್ಪು ಕಪ್ಪು ಕಲೆ.

"ಹದಿನಾಲ್ಕನೇ ತಾರೀಕು ಬಾಬಾಸಾಹೇಬ್ರ ಜಯಂತಿ ಅಲ್ವಾ? ಜೋಗುಪಾಳ್ಯದಲ್ಲಿ ನಮ್ಮೆಜಮಾನ್ರು ವರ್ಷಾವರ್ಷ ಬೀದಿಗೆಲ್ಲಾ ಪಾನಕ ಹಂಚ್ತಿದ್ರು. ಇನ್ನೂರು ನಿಂಬೆಹಣ್ಣು, ಪುದೀನ, ಏಲಕ್ಕಿ. ಹಿಂಡಿ ಹಿಂಡಿ ನನ್ನ ಕೈಯೆಲ್ಲಾ ಉರಿ. ಈ ವರ್ಷ ಸುಮ್ನಿರೋಕೆ ಆಗ್ಲಿಲ್ಲ. ಇಪ್ಪತ್ತು ಹಣ್ಣು ಹಿಂಡ್ದೆ. ಅದಕ್ಕಿಂತ ಕಮ್ಮಿ ಹೆಂಗೆ ಮಾಡೋದು ಅಂತಾನೇ ನಂಗೆ ಗೊತ್ತಿಲ್ಲ."

"ಯಾರಿಗೆ ಕೊಟ್ರಿ?"

"ಯಾರಿದ್ದಾರೆ ಕೊಡೋಕೆ? ಬಾಗ್ಲು ತೆಗೆದು, ಲೋಟ ಜೋಡ್ಸಿ ಕೂತೆ. ಸಂಜೆವರೆಗೂ ಕೂತೆ. ಒಬ್ಬರೂ ಬರ್ಲಿಲ್ಲ. ಬರ್ತಾರೆ ಅಂತ ಯಾಕೆ ಅನ್ಕೊಂಡ್ನೋ. ಅವ್ರ ನೆನಪಿಗೆ ಮಾಡಿದ್ದು, ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಮೂರು ದಿನ ಅದನ್ನೇ ಕುಡ್ದೆ."

"ವಾಸನೆ ಬರ್ಲಿಲ್ವಾ ಅಕ್ಕ?"

"ಬಂತು. ಆದ್ರೂ ಕುಡ್ದೆ."

ಆ ಹದಿನಾಲ್ಕನೇ ತಾರೀಕು ನಾನು ಅದೇ ಬೀದಿಯಲ್ಲಿ ಓಡಾಡಿದ್ದೆ. ದಾಹ ತಡೆಯಲಾರದೆ ಅಂಗಡಿಯಲ್ಲಿ ಬಣ್ಣದ ನೀರಿನ ಬಾಟಲಿ ಕೊಂಡು ಕುಡಿದಿದ್ದೆ. ತಲೆ ಎತ್ತಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆಮೇಲೆ ಆ ಪಾತ್ರೆ ಹೊರಗೆಳೆದು ಹೇಳಿದೆ. "ತಪ್ಪು ನಿಂಬೆಹಣ್ಣಿನದ್ದಲ್ಲ ಅಕ್ಕ. ಈ ಶೀಟ್ ಕೆಳಗಿನ ಸೆಕೆಗೆ ಪಾನಕ ಮೂರು ದಿನ ಇರುತ್ತಾ? ಅದೂ ಅಲ್ಯೂಮಿನಿಯಂ ಪಾತ್ರೇಲಿ! ಹುಳಿ ಬಿದ್ರೆ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಯಾವುದೂ ಆಗಲ್ಲ. ಸ್ಟೀಲ್ ಇಲ್ಲಾ ಗಾಜು. ಮಾಡಿದ ತಕ್ಷಣ ಕುಡೀಬೇಕು."

"ಒಬ್ಬಳಿಗೋಸ್ಕರ ಯಾರು ಪಾನಕ ಮಾಡ್ಕೋತಾರೆ ಹೋಗಮ್ಮ."

"ಒಬ್ರೇ ಇದ್ರೆ ಬಾಯಾರಲ್ವಾ? ಬಾಯಾರಿಕೆಗೂ ಬೀದಿ ಜನ ಸೇರ್ಬೇಕಾ?"

ಅವರಿಗೆ ನಗು ಬಂತು. ಸಣ್ಣ ನಗು. "ನೆಗಡಿ ಆಗಲ್ವಾ?" ಅಂದರು.

"ನಿಂಬೆರಸಕ್ಕೆ ನೆಗಡಿ ಆಗಲ್ಲ. ಒಂದು ಲೋಟ ತಗೊಳ್ಳಿ."

ಕುದಿಸಿ ಆರಿಸಿದ ನೀರನ್ನು ಒಂದು ಸ್ಟೀಲ್ ಲೋಟದ ತುಂಬ ಹಾಕಿಸಿದೆ. ಟೆರೇಸಿನಲ್ಲಿ ಹಳೇ ಪೇಂಟ್ ಡಬ್ಬಿಯಲ್ಲಿ ದೊಡ್ಡಪತ್ರೆ ಸೊಂಪಾಗಿ ಬೆಳೆದಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅವರು ಅದನ್ನು ಮುಟ್ಟಿಯೇ ಇರಲಿಲ್ಲ. ಅದರ ಒಂದು ಎಲೆ, ಪುದೀನದ ಐದಾರು ಎಲೆ. ಎರಡನ್ನೂ ಚೆನ್ನಾಗಿ ತೊಳೆದು, ಕೈಯಲ್ಲಿ ಹಿಸುಕಿ ನೀರಿಗೆ ಹಾಕಲು ಹೇಳಿದೆ. ಹತ್ತು ನಿಮಿಷ ಬಿಟ್ಟರೆ ಘಮ ಇಳಿಯುತ್ತದೆ. ಅಷ್ಟಾದ ಮೇಲೆ ಎರಡು ಚಮಚ ಬೆಲ್ಲದ ಪುಡಿ, ಒಂದು ಚಿಟಿಕೆ ಉಪ್ಪು. ಕೊನೆಗೆ ಅರ್ಧ ನಿಂಬೆಹಣ್ಣು. ಬೀಜ ಬೀಳಬಾರದು, ಬಿದ್ದರೆ ಕಹಿ.

"ಸಕ್ಕರೆ ಕಾಯಿಲೆ ಇರೋರು?" ಅಂತ ಕೇಳಿದರು. ನೋಡಿ, ಆಗಲೇ ಬೇರೆಯವರ ಯೋಚನೆ!

"ಬೆಲ್ಲ, ಸಕ್ಕರೆ ಎರಡೂ ಬೇಡ. ಬಿಪಿ ಇರೋರು ಉಪ್ಪಿನ ವಿಷಯ ಡಾಕ್ಟ್ರನ್ನ ಕೇಳ್ಬೇಕು. ಭೇದಿ ಆದ್ರೆ ಮಾತ್ರ ಪಾನಕ ನೆಚ್ಕೋಬೇಡಿ, ಓಆರ್‌ಎಸ್ ಪುಡೀನೇ ಬೇಕು. ಮತ್ತೆ, ಇದು ಕುಡಿದೆ ಅಂತ ನೀರು ಬಿಡೋ ಹಾಗಿಲ್ಲ."

ಒಂದು ಗುಟುಕು ಕುಡಿದರು. "ಅವ್ರು ಏಲಕ್ಕಿ ಹಾಕ್ತಿದ್ರು."

"ನೀವೂ ಹಾಕ್ಕೊಳ್ಳಿ. ಒಂದು ಲೋಟಕ್ಕೆ ಅರ್ಧ ಏಲಕ್ಕಿ ಸಾಕು."

"ಅರ್ಧ ಏಲಕ್ಕಿ," ಅಂದರು ಶಾಂತಕ್ಕ. ಡಬ್ಬಿಯಿಂದ ಒಂದು ಏಲಕ್ಕಿ ತೆಗೆದು, ಉಗುರಿನಲ್ಲಿ ಬಿಡಿಸಿ, ಅರ್ಧ ಹಾಕಿ, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಲೋಟ ಪೂರ್ತಿ ಮುಗಿಸಿದರು.

ಕೆಳಗಿಳಿದವಳೇ ಮನೆ ಓನರ್ ಹತ್ತಿರ ಜಗಳ ಆಡಿದೆ. ಎರಡನೇ ಮಹಡಿಯಲ್ಲಿ ಬೀಗ ಹಾಕಿಟ್ಟ ಕಕ್ಕಸಿನ ಕೀಲಿಕೈ ಶಾಂತಕ್ಕನಿಗೆ ಕೊಡಿಸಿದೆ. ನೀರು ಕುಡಿ ಅಂತ ಹೇಳುವವರು ಅದನ್ನೂ ನೋಡಬೇಕಲ್ಲ?

ಈಗ ದಿನಾ ಹನ್ನೊಂದು ಗಂಟೆಗೆ ಬುಟ್ಟಿ ಇಳಿಯುತ್ತದೆ. ಅದರಲ್ಲಿ ಕುಡಿದು ಬರಿದು ಮಾಡಿದ ಒಂದು ಸ್ಟೀಲ್ ಲೋಟ. ಅದು ಪಾಷಾ ಭಾಯ್ ಮಾಡಿದ ಕಾನೂನು. ಲೋಟದೊಳಗೆ ನಾಳೆಯ ನಿಂಬೆಹಣ್ಣು ಹಾಕಿ, ನಾಲ್ಕು ಕಡ್ಡಿ ಪುದೀನ ಸಿಕ್ಕಿಸಿ "ಎಳೀರಿ ಅಮ್ಮಾ!" ಅನ್ನುತ್ತಾರೆ. ನಾನು ಬೀದಿಯ ಆ ತುದಿಯಲ್ಲಿದ್ದರೂ ನನಗೆ ಕೇಳುವ ಹಾಗೆ ಕೂಗುತ್ತಾರೆ, "ಲೋಟ ಬಂತು ಮೇಡಮ್!"

ಶಾಂತಕ್ಕನ ಒಂಟಿತನ ಹೋಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಒಂದು ಲೋಟ ಪಾನಕಕ್ಕೆ ಅಷ್ಟು ಶಕ್ತಿ ಇಲ್ಲ. ಸಂಜೆ ಹೊತ್ತು ಆ ರೂಮಿನಲ್ಲಿ ಮೆಷಿನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಅವರು ಇದ್ದಾರೆ. ಇದ್ದಾರೆ ಅಂತ ನಮಗೆ ಗೊತ್ತಾಗುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಈ ಬೇಸಿಗೆಯಲ್ಲಿ ನೀವು ಒಬ್ಬರೇ ಇದ್ದರೂ ನಿಮಗೋಸ್ಕರ ಒಂದು ಲೋಟ ಮಾಡಿಕೊಳ್ಳಿ. ಬಾಯಾರಿದಾಗ ಬಾವಿ ತೋಡಬೇಡಿ, ಬಾಯಾರುವ ಮೊದಲೇ ಕುಡಿಯಿರಿ. ಕುಡಿದಾದ ಮೇಲೆ ಹೊರಗೆ ಬಂದು ಒಂದು ಸಲ ತಲೆ ಎತ್ತಿ ನೋಡಿ. ನಿಮ್ಮ ಬೀದಿಯಲ್ಲಿ ಯಾರ ಬುಟ್ಟಿ ಇವತ್ತು ಇಳಿದಿಲ್ಲ? ಮೂರು ಮಹಡಿ ಇದ್ದರೆ ಇರಲಿ. ಹತ್ತಿ ಹೋಗಿ.